ಎಂಟನೇ ಕ್ಲಿಕ್ಕು

ಇದು ನಡೆದ ಕಥೆ. ನಂಬಿಕೆ ಬಾರದಿದ್ದರೆ ಗುಬ್ಬಿಗೆ ಹೋಗಿ ತಿಪ್ಪಮ್ಮನವರನ್ನು ಕೇಳಿ. ಅವರು ಇದನ್ನೇ ಇನ್ನೊಂದು ಥರ ಹೇಳುತ್ತಾರೆ. ಅದೂ ನಡೆದದ್ದೇ. ಎರಡರಲ್ಲೂ ಕ್ಯಾಮೆರಾ ಒಂದೇ, ಕಳ್ಳನೂ ಒಬ್ಬನೇ.

ಕಳ್ಳನ ಹೆಸರು ಅಂಜನ್‌ಕುಮಾರ್. ವಯಸ್ಸು ಮೂವತ್ತಾರು. ಅಂತರಸನಹಳ್ಳಿಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಟರ್ನರ್. ಲೇತ್ ಮೆಷಿನ್ನಿಗೆ ಕಬ್ಬಿಣ ಕಚ್ಚಿಸಿ, ಕೂದಲೆಳೆಯಷ್ಟು ತೆಗಿ ಎಂದರೆ ಕೂದಲೆಳೆಯಷ್ಟೇ ತೆಗೆಯುವ ಕೈ. ಆದರೆ ಅವನ ಹೆಸರು ಹಬ್ಬಿದ್ದು ಗಂಟಲಿನಿಂದ. ಅವನು ಕದಿಯುತ್ತಿದ್ದದ್ದು ದನಿಗಳನ್ನು.

ಓನರ್ ರೇವಣಸಿದ್ದಯ್ಯನವರ ದನಿಯಲ್ಲಿ ಹಿಂದಿನ ಬಾಗಿಲಿನಿಂದ ‘ಲೋ, ಎಲ್ರಿಗೂ ಟೀ ಹೇಳ್ರೋ’ ಎಂದು ಕೂಗಿದರೆ ಟೀ ಬಂದೇಬಿಡುತ್ತಿತ್ತು. ಬಸ್ ಕಂಡಕ್ಟರ್, ರೇಡಿಯೋ ಅನೌನ್ಸರ್, ಮಿಕ್ಸಿ, ರಿವರ್ಸ್ ತೆಗೆಯುವ ಟೆಂಪೋ, ಎಲ್ಲವೂ ಅವನ ಗಂಟಲಲ್ಲಿ ಬಾಡಿಗೆಗಿದ್ದವು. ಆಯುಧಪೂಜೆಯ ದಿನ ಅರ್ಧ ಗಂಟೆ ಅವನದೇ ಪ್ರೋಗ್ರಾಂ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಕ್ಕು ಮುಗಿದ ಮೇಲೆ ತಮ್ಮ ತಮ್ಮ ಬೈಕ್ ಹತ್ತಿ ಮನೆಗೆ ಹೋಗುತ್ತಿದ್ದರು.

ಅವನು ಊರ್ಡಿಗೆರೆ ರಸ್ತೆಯ ತನ್ನ ಬಾಡಿಗೆ ರೂಮಿಗೆ ಹೋಗುತ್ತಿದ್ದ. ಬೀಗ ತೆಗೆಯುವಾಗ ಅವನ ಗಂಟಲಿನಿಂದಲೇ ಅವನ ತಾಯಿ ಹೊಂಬಾಳಮ್ಮ ಮಾತಾಡುತ್ತಿದ್ದಳು.

“ಬಂದ್ಯೇನ್ಲಾ ಮಗ? ಕೈಕಾಲ್ ತೊಳ್ಕೊ, ಮುದ್ದೆ ಆರೋಗ್ತದೆ.”

ಹೊಂಬಾಳಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು. ದನಿ ಮಾತ್ರ ಇವನಲ್ಲಿ ಉಳಿದಿತ್ತು, ಒಂದು ಅಕ್ಷರವೂ ಸವೆಯದೆ. ಬಾಗಿಲು ತೆರೆದು ಒಳಗೆ ಹೋಗಿ ‘ಬಂದೆ ಕಣವ್ವ’ ಎಂದು ಉತ್ತರ ಕೊಡಬೇಕು ಅನ್ನಿಸುತ್ತಿತ್ತು. ಆದರೆ ಯಾವ ದನಿಯಲ್ಲಿ ಕೊಡುವುದು? ಅಷ್ಟು ದನಿಗಳಲ್ಲಿ ತನ್ನದು ಯಾವುದು ಎಂದು ಹುಡುಕುತ್ತ ನಿಲ್ಲುತ್ತಿದ್ದ. ಅಷ್ಟರಲ್ಲಿ ಸೊಳ್ಳೆ ಬರುತ್ತವೆಂದು ಬಾಗಿಲು ಹಾಕಿಕೊಳ್ಳುತ್ತಿದ್ದ.

*

ಒಂದು ಶನಿವಾರ ಮಧ್ಯಾಹ್ನ ವರ್ಕ್‌ಶಾಪಿನ ಮುಂದೆ ಸ್ಕೂಟರ್ ನಿಂತಿತು. ಹೆಲ್ಮೆಟ್ ತೆಗೆದವಳು ಕೈಯಲ್ಲಿ ಸ್ಟೀಲ್ ಟಿಫನ್ ಬಾಕ್ಸ್ ಹಿಡಿದು ಒಳಗೆ ಬಂದಳು.

“ರೇವಣಸಿದ್ದಯ್ಯನೋರು?”

“ನಾನೇ ಕಣವ್ವ. ಏನಾಗ್ಬೇಕಿತ್ತು?”

“ನಾನು ಹೇಮಶ್ರೀ, ಗುಬ್ಬಿ ಹೈಸ್ಕೂಲಲ್ಲಿ ಸೈನ್ಸ್ ಟೀಚರ್. ಗುರುವಾರ ಫೋನ್ ಮಾಡಿದ್ದೆ. ‘ಬನ್ನಿ ತಾಯಿ, ಎಷ್ಟ್ ಚಿಕ್ಕ ಸ್ಕ್ರೂ ಆದ್ರೂ ಮಾಡ್ಕೊಡ್ತೀನಿ, ಇರುವೆ ಕಾಲಿಗೆ ಗೆಜ್ಜೆ ಬೇಕಂದ್ರೂ ಮಾಡ್ತೀನಿ’ ಅಂದ್ರಲ್ಲ.”

ರೇವಣಸಿದ್ದಯ್ಯ ಕನ್ನಡಕವನ್ನು ಹಣೆಗೇರಿಸಿದರು. “ನಾನಾ? ಗುರುವಾರ ನಾನು ತಿಪಟೂರಲ್ಲಿ ಮದುವೇಲಿದ್ದೆ.”

ಲೇತ್ ಹಿಂದೆ ಅಂಜನ್ ತಲೆ ಬಗ್ಗಿಸಿ, ಎಂದೂ ಒರೆಸದ ಜಾಗವನ್ನು ಒರೆಸತೊಡಗಿದ. ಓನರ್ ಅತ್ತ ತಿರುಗಿದರು. ಅವಳೂ ತಿರುಗಿದಳು. ನಾಲ್ಕು ಹೆಜ್ಜೆ ಹತ್ತಿರ ಬಂದು, ಮೇಷ್ಟರುಗಳು ಕಾಪಿ ಹೊಡೆದವನನ್ನು ನೋಡುವ ಹಾಗೆ ಸಾವಧಾನವಾಗಿ ನೋಡಿದಳು.

“ಫೋನಲ್ಲಿ ಮಾತಾಡಿದ್ದು ನೀವು.”

“ನಾನ್ ಯಾಕೆ ಮೇಡಂ…”

“ನಿಮ್ಮ ಓನರ್ ಉಸಿರು ತಗೊಳ್ದೆ ಮಾತಾಡ್ತಾರೆ. ನೀವು ಇರುವೆಗೂ ಗೆಜ್ಜೆಗೂ ಮಧ್ಯ ಒಂದು ಉಸಿರು ತಗೊಂಡ್ರಿ.”

ಹತ್ತು ವರ್ಷದಲ್ಲಿ ಅವನನ್ನು ಹೀಗೆ ಯಾರೂ ಹಿಡಿದಿರಲಿಲ್ಲ. ಅವನ ಕಿವಿ ಬೆಚ್ಚಗಾಯಿತು. ನಾಚಿಕೆಯೇ ಇರಬೇಕು ಎಂದುಕೊಂಡ.

ಟಿಫನ್ ಬಾಕ್ಸಿನಲ್ಲಿ, ಹಳೆಯ ವೇಲಿನ ತುಂಡಿನೊಳಗೆ, ಕಪ್ಪು ಡಬ್ಬಿಯಂಥದೊಂದು ಇತ್ತು. ರೇವಣಸಿದ್ದಯ್ಯ ಬದಿಯ ಗುಂಡಿ ಒತ್ತಿದರು. ಮುಚ್ಚಳ ಬಾಯಿ ತೆರೆಯಿತು. ಒಳಗಿನಿಂದ ಕಪ್ಪು ನಿರಿಗೆಗಳು ಬಿಚ್ಚಿಕೊಂಡು, ತುದಿಯಲ್ಲಿ ಲೆನ್ಸ್ ಹೊತ್ತು ಮುಂದಕ್ಕೆ ಬಂದು ನಿಂತವು.

“ಇದೇನವ್ವಾ, ಹಾರ್ಮೋನಿಯಂ ಮರೀನಾ?”

ಅವಳು ನಕ್ಕಳು. ಮೇಲ್ತುಟಿಯ ಎಡಗಡೆ ಒಂದು ಮಡಿಕೆ ಬಿಚ್ಚಿಕೊಂಡು ಮತ್ತೆ ಒಳಗೆ ಹೋಯಿತು. ಆ ಕ್ಯಾಮೆರಾದ ಥರವೇ. ಅಂಜನ್ ಅದನ್ನು ನೋಡಿದ. ನೋಡಬಾರದಿತ್ತು.

“ಫೋಲ್ಡಿಂಗ್ ಕ್ಯಾಮೆರಾ ಸರ್. ಜರ್ಮನಿದು, ಎಪ್ಪತ್ತು ವರ್ಷ ಆಗಿದೆ. ಕುಣಿಗಲ್ಲಲ್ಲಿ ನಮ್ಮನೆ ಪಕ್ಕ ಪುಟ್ಟರಂಗಯ್ಯನವರ ಸ್ಟುಡಿಯೋ ಇತ್ತು. ಮುಚ್ಚೋವಾಗ ನಂಗೆ ಕೊಟ್ರು. ಶಟರ್ ಲಿವರಿನ ಸ್ಕ್ರೂ ಬಿದ್ದೋಗಿದೆ. ಒತ್ತಿದ್ರೆ ಏನೂ ಆಗಲ್ಲ. ಈ ನಿರಿಗೆ ನೋಡಿ, ಇದು ಬೆಲ್ಲೋಸು. ಇದೊಂದು ಗಟ್ಟಿಯಾಗಿದೆ.”

“ಬೆಲ್ಲೋಸಾ?” ಎಂದ ಅಂಜನ್. “ಅದಕ್ಕೇ ನೊಣ ಕೂತಿದೆ ಬುಡಿ.”

ರೇವಣಸಿದ್ದಯ್ಯ ನಗಲಿಲ್ಲ. ಅವಳು ನಗಬಾರದೆಂದು ಕಿಟಕಿಯ ಕಡೆ ತಿರುಗಿದಳು. ಮಡಿಕೆ ಮಾತ್ರ ಸುಳ್ಳು ಹೇಳಲಿಲ್ಲ.

*

ಸ್ಕ್ರೂ ಅಕ್ಕಿಕಾಳಿನ ಕಾಲು ಭಾಗವಿತ್ತು. ಅವನು ಮೂರು ಮಾಡಿ ಮೂರನ್ನೂ ಬಿಸಾಡಿ, ನಾಲ್ಕನೆಯದನ್ನು ಕೂರಿಸಿದ. ಮುಂದಿನ ಶನಿವಾರ ಅವಳು ಬಂದು ಶಟರಿನ ಪುಟ್ಟ ಕಡ್ಡಿ ಎಳೆದು, ನೂರನೇ ಒಂದು ಸೆಕೆಂಡಿಗೆ ಇಟ್ಟು ಲಿವರ್ ಒತ್ತಿದಳು.

ಟಿಕ್.

“ಅಯ್ಯೋ, ಇಷ್ಟ್ ಮೆತ್ತಗಾಗಿದೆ. ಒತ್ತಿದ್ದು ಬೆರಳಿಗೇ ಗೊತ್ತಾಗಲಿಲ್ಲ.”

“ಬಿಗಿ ಮಾಡ್ಲಾ?”

“ಬೇಡ. ಬಿಗಿ ಆದ್ರೆ ಒತ್ತೋವಾಗ ಕೈ ಅಲ್ಲಾಡುತ್ತೆ. ಕಿವೀಲಿ ಕೇಳಿಸ್ಕೋತೀನಿ ಬಿಡಿ.” ಮತ್ತೊಮ್ಮೆ ಒತ್ತಿದಳು. ಟಿಕ್. ಮಗುವಿನ ಎದೆಗೆ ಕಿವಿ ಇಟ್ಟ ಹಾಗೆ ಕ್ಯಾಮೆರಾಕ್ಕೆ ಕಿವಿ ಇಟ್ಟಿದ್ದಳು.

ಆ ಸಂಜೆ ರೂಮಿನಲ್ಲಿ ಅಕ್ಕಿ ತೊಳೆಯುತ್ತ ಅಂಜನ್ ನಾಲಿಗೆಯನ್ನು ಅಂಗುಳಿಗೆ ತಾಗಿಸಿ, ಹಲ್ಲಿನ ಹಿಂದೆ ಸ್ವಲ್ಪ ಗಾಳಿ ಬಿಟ್ಟು ನೋಡಿದ. ಮೊದಲು ಹಲ್ಲಿ ಬಂತು. ಆಮೇಲೆ ಬಾಲ್‌ಪೆನ್ ಬಂತು. ಅನ್ನ ಬೇಯುವ ಹೊತ್ತಿಗೆ ಶಟರ್ ಬಂತು. ಟಿಕ್. ಗೋಡೆಗೆ ಒರಗಿ ಕೂತು, ಅದನ್ನೇ ಹೇಳಿಕೊಳ್ಳುತ್ತ ಊಟ ಮಾಡಿದ. ರೂಮಿನಲ್ಲಿ ಅವಳೂ ಇದ್ದಳೇನೋ ಎನ್ನುವ ಹಾಗೆ.

*

ಭಾನುವಾರಗಳಿಗೆ ಕೆಲಸ ಸಿಕ್ಕಿತು. ಆ ಕ್ಯಾಮೆರಾಕ್ಕೆ ತಾನಾಗಿ ದೂರ ಅಳೆಯುವ ಬುದ್ಧಿ ಇರಲಿಲ್ಲ. ಎದುರಿಗಿರುವವರು ಎಷ್ಟು ಅಡಿ ದೂರವಿದ್ದಾರೆ ಎಂದು ನಾವೇ ಅಳೆದು, ಲೆನ್ಸಿನ ಸುತ್ತ ಬರೆದಿರುವ ಅಂಕಿಗೆ ತಿರುಗಿಸಬೇಕು. ಅಂದಾಜು ತಪ್ಪಿದರೆ ಮುಖ ಮಂಜು. ಹಾಗಾಗಿ ಹೇಮಶ್ರೀಗೆ ಟೇಪಿನ ಇನ್ನೊಂದು ತುದಿ ಹಿಡಿಯುವವರು ಬೇಕಿತ್ತು.

“ಟೇಪ್ ಹಿಡಿಯೋಕೆ ಟರ್ನರ್ ಬೇಕಾ ಮೇಡಂ?”

“ಅಳತೆ ಗೊತ್ತಿರೋರು ಬೇಕು.”

ಕೋರ ಎಂಬ ಊರಿನಲ್ಲಿ ರಾಗಿ ಹೊಲದ ಬದುವಿನ ಮೇಲೆ ಕೂತ ಅಜ್ಜಿಯ ಮೂಗಿಗೆ ಟೇಪ್ ಹಿಡಿದ. “ನನ್ ಮೂಗ್ ಯಾಕಪ್ಪಾ ಅಳೀತೀಯ, ನತ್ತು ಮಾಡುಸ್ತೀಯಾ?” ಎಂದಿತು ಅಜ್ಜಿ. ಗುಬ್ಬಿಯಲ್ಲಿ ಹೇಮಶ್ರೀ ಬಾಡಿಗೆಗಿದ್ದ ಮನೆಯ ಓನರ್ ತಿಪ್ಪಮ್ಮನವರಿಗೂ ಹಿಡಿದ. ಅವರಿಗೆ ಇವನ ಮೇಲೆ ಹಳೆಯ ಸಿಟ್ಟಿತ್ತು. ಮೊದಲ ಸಲ ಬಂದಾಗ ಗೇಟಿನ ಹೊರಗೆ ಗ್ಯಾಸ್‌ನವನ ದನಿಯಲ್ಲಿ ಕೂಗಿದ್ದ. ಪಾಪ, ಅವರು ಖಾಲಿ ಸಿಲಿಂಡರನ್ನು ಬಚ್ಚಲಿನಿಂದ ಗೇಟಿನ ತನಕ ಉರುಳಿಸಿಕೊಂಡು ಬಂದಿದ್ದರು. ಅಂದಿನಿಂದ ಅವನ ದನಿಗಳನ್ನೆಲ್ಲ ಗುರುತಿಡುವುದೇ ಅವರಿಗೊಂದು ಹಟ. “ಇವತ್ತು ಯಾರ್ ಬಂದವ್ರೆ? ಓ, ಕಂಡಕ್ಟ್ರಾ? ಒಂದ್ ಟಿಕೆಟ್ ಕೊಡಪ್ಪ, ಮ್ಯಾಲಕ್ಕೆ.”

ಒಂದು ರೋಲಿಗೆ ಎಂಟೇ ಫೋಟೋ. ಒಂದು ತೆಗೆದ ಮೇಲೆ ಕ್ಯಾಮೆರಾದ ಬೆನ್ನಿನ ಪುಟ್ಟ ಕೆಂಪು ಕಿಟಕಿಯಲ್ಲಿ ಮುಂದಿನ ಅಂಕಿ ಬರುವವರೆಗೆ ಕೈಯಲ್ಲಿ ಸುತ್ತಬೇಕು. ಅಂಕಿ ಬರುವಾಗ ಇಬ್ಬರೂ ಬಗ್ಗಿ ನೋಡುತ್ತಿದ್ದರು. ತಲೆಗೆ ತಲೆ ತಾಗುವುದಕ್ಕೆ ಒಂದು ಬೆರಳು ಉಳಿದಿರುತ್ತಿತ್ತು. ಆ ಒಂದು ಬೆರಳನ್ನು ಇಬ್ಬರೂ ಕಾಪಾಡಿಕೊಂಡು ಬಂದಿದ್ದರು.

“ಫೋನಲ್ಲೇ ತೆಗೀಬೋದಲ್ಲ ಮೇಡಂ?” ಎಂದು ಒಮ್ಮೆ ಕೇಳಿದ.

ಅವಳು ಸ್ವಲ್ಪ ಹೊತ್ತು ಕೆಂಪು ಕಿಟಕಿಯನ್ನೇ ನೋಡಿದಳು. “ನನ್ ಮದುವೇಲಿ ಆರ್ನೂರು ಫೋಟೋ ತೆಗ್ದಿದ್ರು. ಡ್ರೋನೂ ಇತ್ತು. ಆಮೇಲೆ ಕೂತ್ಕೊಂಡು ಎಲ್ಲಾನೂ ನೋಡ್ದೆ. ಒಂದರಲ್ಲೂ ಅವ್ರು ನನ್ ಕಡೆ ನೋಡಿರಲಿಲ್ಲ. ಎಲ್ಲದರಲ್ಲೂ ಕ್ಯಾಮೆರಾ ನೋಡ್ತಿದ್ರು. ಜೀವ್ನದಲ್ಲೂ ಹಂಗೇ ಆಯ್ತು. ಡಿವೋರ್ಸ್ ಆಗಿ ನಾಕ್ ವರ್ಷ.” ಸುತ್ತುವ ಗುಂಡಿಯನ್ನು ಒಂದು ಸುತ್ತು ತಿರುಗಿಸಿದಳು. “ಇದ್ರಲ್ಲಿ ಎಂಟೇ. ಅದಕ್ಕೇ ಎಂಟು ಸಲಾನೂ ಸರಿಯಾಗಿ ನೋಡ್ತೀನಿ.”

ಅಂಜನ್ ಟೇಪನ್ನು ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದ.

ಅವನದೊಂದು ಫೋಟೋ ತೆಗೆಯಲು ಅವಳು ಮೂರು ರೋಲುಗಳಿಂದ ಪ್ರಯತ್ನಪಟ್ಟಿದ್ದಳು. ಲೆನ್ಸ್ ತನ್ನ ಕಡೆ ತಿರುಗಿತೋ ಇಲ್ಲವೋ, ಅಂಜನ್ ರೇವಣಸಿದ್ದಯ್ಯನಾಗಿ ಗಲ್ಲ ಉಬ್ಬಿಸುತ್ತಿದ್ದ. ಇಲ್ಲವೇ ಕಂಡಕ್ಟರ್ ಆಗಿ ಕಿವಿಗೆ ಪೆನ್ ಸಿಕ್ಕಿಸುತ್ತಿದ್ದ. ಅವಳು ಕ್ಯಾಮೆರಾ ಇಳಿಸುತ್ತಿದ್ದಳು.

“ನಿಮ್ ಮುಖ ಯಾವಾಗ ಬರುತ್ತೆ, ಹೇಳಿ. ಅವತ್ತು ತೆಗೀತೀನಿ.”

“ಅದು ರಜಾ ಹಾಕೈತೆ ಮೇಡಂ.”

*

ಆ ಭಾನುವಾರ ಇಬ್ಬರೂ ಕುಣಿಗಲ್ ದೊಡ್ಡಕೆರೆಯ ಏರಿಯ ಮೇಲಿದ್ದರು. ಬಿಸಿಲು ಇಳಿದಿತ್ತು. ನೀರಿನ ಮೇಲೆ ಬೆಳಕು ಹಳೆಯ ಹಿತ್ತಾಳೆಯ ಬಣ್ಣಕ್ಕೆ ತಿರುಗಿತ್ತು. ಬೆಳ್ಳಕ್ಕಿಗಳು ಒಂದೊಂದೇ ಮನೆಗೆ ಹೊರಟಿದ್ದವು. ಅವಳು ಅಂದು ಹೆಚ್ಚು ಮಾತಾಡಿರಲಿಲ್ಲ. ಏಳು ಫೋಟೋ ಮುಗಿದಿದ್ದವು. ಕೆಂಪು ಕಿಟಕಿಯಲ್ಲಿ ಎಂಟು ಬಂತು.

“ಇದು ನಿಮ್ದು,” ಎಂದಳು. “ಇವತ್ತು ತಪ್ಪಿಸ್ಕೊಳ್ಳೋ ಹಂಗಿಲ್ಲ. ನಿಂತ್ಕೊಳಿ.”

ಟೇಪಿನ ತುದಿಯನ್ನು ತಾನೇ ಹಿಡಿದು ಬಂದು ಅವನ ಅಂಗಿಯ ಮೇಲಿನ ಗುಂಡಿಗೆ ತಾಗಿಸಿದಳು. ಅವಳ ಉಗುರಿನ ತುದಿಗೆ ಫಿಲ್ಮ್ ತೊಳೆಯುವ ಕೆಮಿಕಲ್ಲಿನ ಕಂದು ಕಲೆ ಇತ್ತು. ಅವಳು ಕಣ್ಣೆತ್ತಲಿಲ್ಲ. ಅವನು ಉಸಿರು ಬಿಡಲಿಲ್ಲ.

“ಇದನ್ನ ಹಿಡ್ಕೊಳಿ.” ಹಿಂದಕ್ಕೆ ಹೋದಳು. “ಆರಡಿ.”

ಆರಡಿ ದೂರದಲ್ಲಿ ನಿಂತು ಕ್ಯಾಮೆರಾವನ್ನು ಕಣ್ಣಿಗೆ ಏರಿಸಿದಳು. ಅಂಜನ್ ಗಲ್ಲ ಉಬ್ಬಿಸಲು ನೋಡಿದ. ಗಾಳಿ ಬರಲಿಲ್ಲ. ಒಬ್ಬೊಬ್ಬರನ್ನೇ ಕರೆದ. ರೇವಣಸಿದ್ದಯ್ಯ ಬರಲಿಲ್ಲ, ಕಂಡಕ್ಟರ್ ಬರಲಿಲ್ಲ. ಬರೀ ಅವನೊಬ್ಬನೇ ನಿಂತಿದ್ದ. ಮುಖದ ಮೇಲೆ ಇದ್ದದ್ದನ್ನು ಮುಚ್ಚಲು ಯಾರೂ ಇರಲಿಲ್ಲ. ಅದನ್ನು ಆ ಗಾಜು ಹಿಡಿದುಬಿಡುತ್ತದೆ, ಇವಳು ಬಾತ್‌ರೂಮಿನ ಹಗ್ಗಕ್ಕೆ ಒಣಗಲು ಹಾಕಿ ಆರಾಮಾಗಿ ನೋಡುತ್ತಾಳೆ, ನೋಡಿದರೆ ಎಲ್ಲ ಗೊತ್ತಾಗಿಹೋಗುತ್ತದೆ. ಗೊತ್ತಾದ ಮೇಲೆ ಭಾನುವಾರಗಳು ಇರುತ್ತವೋ ಇಲ್ಲವೋ.

ಅವನ ನಾಲಿಗೆ ಅಂಗುಳಿಗೆ ತಾಗಿತು.

ಟಿಕ್.

ಅವಳು ಒಂದು ಕ್ಷಣ ಹಾಗೇ ಇದ್ದಳು. “ಹಾಂ, ಬಂತು,” ಎಂದು ಕ್ಯಾಮೆರಾವನ್ನು ಕಣ್ಣಿನಿಂದ ಎದೆಯವರೆಗೆ ಇಳಿಸಿದಳು.

ಅವನ ಭುಜ ಸಡಿಲಾಯಿತು. ಗೆದ್ದೆ ಎಂದುಕೊಂಡ. ಗೆದ್ದ ಖುಷಿಯಲ್ಲಿ ಅವಳನ್ನು ನೋಡಿದ. ಕೆರೆಯ ಕಡೆಯಿಂದ ಗಾಳಿ ಬಂದು ಅವಳ ಹಣೆಯ ಮೇಲೆ ನಾಲ್ಕು ಕೂದಲು ಎಳೆದಿತ್ತು. ಅವನು ನೋಡುತ್ತಲೇ ಇದ್ದ. ಫೋಟೋ ಮುಗಿದಿತ್ತಲ್ಲ, ಇನ್ನು ನೋಡಿದರೆ ಯಾರಿಗೆ ಗೊತ್ತಾಗುತ್ತದೆ? ಏರಿಯ ರಸ್ತೆಯಲ್ಲಿ ಒಂದು ಬಸ್ಸು ಉದ್ದಕ್ಕೂ ಹಾರ್ನ್ ಹೊಡೆಯುತ್ತ ಹೋಯಿತು.

ಅವಳು ರೋಲನ್ನು ಕೊನೆಯ ತನಕ ಸುತ್ತಿದಳು. ಕೆಂಪು ಕಿಟಕಿ ಖಾಲಿಯಾಯಿತು. ಕ್ಯಾಮೆರಾ ಮಡಿಸಿ ಟಿಫನ್ ಬಾಕ್ಸಿಗೆ ಇಟ್ಟು, ಮುಚ್ಚಳದ ಮೇಲೆ ಕೈಯಿಟ್ಟುಕೊಂಡೇ ಹೇಳಿದಳು.

“ಅಂಜನ್, ನಂಗೆ ಪಿಯು ಲೆಕ್ಚರರ್ ಪ್ರಮೋಷನ್ ಆಗಿದೆ.”

“ಸ್ವೀಟ್ ಎಲ್ಲಿ ಮೇಡಂ?”

“ಕೌನ್ಸೆಲಿಂಗ್‌ನಲ್ಲಿ ಅಂಕೋಲಾ ಸಿಕ್ತು. ಮುಂದಿನ್ ಬುಧವಾರ ಹೋಗಿ ರಿಪೋರ್ಟ್ ಮಾಡ್ಕೋಬೇಕು.”

ಅಂಕೋಲಾ. ಅವನ ತಲೆಯಲ್ಲಿ ಒಂದು ಟೇಪು ಬಿಚ್ಚಿಕೊಳ್ಳುತ್ತ ಹೋಯಿತು. ಅರಸೀಕೆರೆ ದಾಟಿತು, ಶಿವಮೊಗ್ಗ ದಾಟಿತು, ಘಾಟಿ ಇಳಿಯಿತು. ಮುಗಿಯಲೇ ಇಲ್ಲ.

“ಈ ರೋಲನ್ನ ಅಲ್ಲಿಗೇ ಅಂತಲೇ ತೆಗ್ದಿದ್ದು. ಅಮ್ಮ, ಸ್ಕೂಲು, ತಿಪ್ಪಮ್ಮ, ಈ ಕೆರೆ. ತಗೊಂಡೋಗ್ಬೇಕು ಅನ್ನಿಸಿದ್ದು ಎಂಟೇ.” ಸ್ಕೂಟರಿನ ಕೀ ತಿರುಗಿಸಿದಳು. “ಎಂಟನೇದು ಚೆನ್ನಾಗ್ ಬಂದಿರಲಿ ಅಷ್ಟೇ.”

*

ಒಂದು ವಾರ ಅವನ ಗಂಟಲು ಕಟ್ಟಿತು. ಡಾಕ್ಟರಿಗೆ ತೋರಿಸುವಂಥದ್ದಲ್ಲ. ವರ್ಕ್‌ಶಾಪಿನಲ್ಲಿ ಟೀ ಬರಲಿಲ್ಲ. “ಏನ್ಲಾ, ಮೂರ್ ದಿನದಿಂದ ನನ್ ದನೀಲಿ ನಾನೊಬ್ನೇ ಮಾತಾಡ್ತಾವ್ನಿ,” ಎಂದು ರೇವಣಸಿದ್ದಯ್ಯನವರೇ ಬಂದು ಕೇಳಿದರು. “ಹುಷಾರಿಲ್ವಾ?”

“ಇಲ್ಲ ಸರ್. ಸುಮ್ನೆ.”

ಸಂಜೆ ಬೀಗ ತೆಗೆಯುವಾಗ ಹೊಂಬಾಳಮ್ಮ ಮಾತಾಡಲಿಲ್ಲ. ಅವನು ಬಾಗಿಲಲ್ಲಿ ನಿಂತು ಕಾದ. ಬಾಯಿ ತೆರೆದರೆ ಟಿಕ್ ಎಂಬ ಸದ್ದೊಂದೇ ನಾಲಿಗೆಯ ತುದಿಯಲ್ಲಿ ಕೂತಿತ್ತು. ಅವಳು ನೋಡಬೇಕೆಂದು ಎತ್ತಿಟ್ಟಿದ್ದ ಜಾಗವನ್ನು ಅವನು ಬಾಯಿಂದ ಊದಿ ಆರಿಸಿಬಿಟ್ಟಿದ್ದ. ಅವಳು ದೂರದ ಊರಿನಲ್ಲಿ, ಗುರುತಿಲ್ಲದ ರೂಮಿನಲ್ಲಿ, ಒಂದು ಖಾಲಿ ಫಿಲ್ಮನ್ನು ಬೆಳಕಿಗೆ ಹಿಡಿದು ನಿಂತಿರುತ್ತಾಳೆ. ಆರುನೂರರಲ್ಲೂ ಒಂದು ನೋಟ ಸಿಗದೇ ಹೋದವಳಿಗೆ ಎಂಟರಲ್ಲೂ ಒಂದು ಕಡಿಮೆ.

ಶುಕ್ರವಾರ ಮಧ್ಯಾಹ್ನ ಫೋನ್ ಮಾಡಿದ. ಅವಳು ‘ಹಲೋ’ ಎಂದ ಕೂಡಲೇ ಅವನ ಧೈರ್ಯ ಓಡಿಹೋಗಿ ಓನರನ್ನು ಕಳಿಸಿತು.

“ತಾಯಿ, ನಾನು ರೇವಣಸಿದ್ದಯ್ಯ. ಆ ಕ್ಯಾಮೆರಾದ್ ಲಿವರ್ ಇನ್ನೊಂದ್ ಸಲ ಚೆಕ್ ಮಾಡ್ಬೇಕಿತ್ತು, ಒಂದ್ ರೋಲ್ ಹಾಕಿ…”

“ಉಸಿರು ತಗೊಂಡ್ರಿ,” ಎಂದಳು.

ಓನರ್ ಬಂದ ದಾರಿಯಲ್ಲೇ ವಾಪಸ್ ಹೋದರು.

“ಹೇಳಿ ಅಂಜನ್. ಏನು?”

“ಏನಿಲ್ಲ ಮೇಡಂ. ರೋಲ್ ತೊಳ್ದ್ರಾ?”

“ಭಾನುವಾರ ಬೆಳಿಗ್ಗೆ ತೊಳೀತೀನಿ. ಬನ್ನಿ. ಸಾಮಾನ್ ಕಟ್ಟೋಕೂ ಜನ ಬೇಕು.”

*

ಭಾನುವಾರ ಹನ್ನೊಂದು ಗಂಟೆಗೆ ಗುಬ್ಬಿಯಲ್ಲಿ ಅವನ ಬೈಕ್ ನಿಂತಿತು. ತಿಪ್ಪಮ್ಮನವರು ಅಂಗಳದಲ್ಲಿ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದರು.

“ಇವತ್ತು ಯಾರಪ್ಪಾ ಬಂದಿರೋದು?”

ಅವನು ಕೈಯೆತ್ತಿ ಮುಗಿದು ಮೆಟ್ಟಿಲು ಹತ್ತಿದ. ತಿಪ್ಪಮ್ಮನವರ ಕೈ ನಿಂತಿತು. “ಏನವ್ವಾ ಇದು, ಮೂಕ ಬಂದವ್ನೆ.”

ಮೇಲೆ ರಟ್ಟಿನ ಡಬ್ಬಗಳ ನಡುವೆ ಹೇಮಶ್ರೀ ನಿಂತಿದ್ದಳು. ಕೂದಲನ್ನು ಪೆನ್ಸಿಲ್ ಸಿಕ್ಕಿಸಿ ಗಂಟು ಹಾಕಿದ್ದಳು. ಬಾತ್‌ರೂಮಿನ ಬಾಗಿಲಲ್ಲಿ ಹಗ್ಗ, ಹಗ್ಗಕ್ಕೆ ಬಟ್ಟೆ ಕ್ಲಿಪ್ಪು, ಕ್ಲಿಪ್ಪಿಗೆ ಉದ್ದನೆಯ ಫಿಲ್ಮು. ಅದರ ತುದಿಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

“ನೋಡಿ,” ಎಂದಳು. ಮುಖ ಗಂಭೀರವಾಗಿತ್ತು.

ಅವನು ಮೇಲಿನಿಂದ ಎಣಿಸಿದ. ಬಿಳಿ ಇರುವಲ್ಲಿ ಕಪ್ಪು, ಕಪ್ಪು ಇರುವಲ್ಲಿ ಬಿಳಿ. ಅವಳ ಅಮ್ಮ, ಸ್ಕೂಲಿನ ಗೇಟು, ತಿಪ್ಪಮ್ಮ. ನಾಲ್ಕು, ಐದು, ಆರು, ಏಳು. ಏಳರ ಕೆಳಗೆ ಫಿಲ್ಮೇ ಮುಗಿದಿತ್ತು.

“ಎಂಟನೇದು ಇಲ್ಲ,” ಎಂದಳು. “ಯಾಕೆ ಅಂತ ನೀವೇ ಹೇಳ್ಬೇಕು, ಮೆಕ್ಯಾನಿಕ್ ನೀವು. ನಂಗೆ ಸದ್ದು ಕೇಳಿಸ್ತು. ಆದ್ರೂ ಫೋಟೋ ಇಲ್ಲ. ಲಿವರ್ ಪ್ರಾಬ್ಲಮ್ಮಾ?”

ತಪ್ಪಿಸಿಕೊಳ್ಳುವ ಬಾಗಿಲು ತೆರೆದೇ ಇತ್ತು. ಹೌದು ಮೇಡಂ, ಲಿವರೇ, ಎಂದರೆ ಮುಗಿಯಿತು. ಅಕ್ಕಿಕಾಳಿನ ಕಾಲು ಭಾಗದಷ್ಟಿರುವ ಸ್ಕ್ರೂ ಅವನ ತಪ್ಪನ್ನೆಲ್ಲ ಹೊತ್ತುಕೊಂಡು ಹೋಗುತ್ತಿತ್ತು. ಅವಳು ಅಂಕೋಲಾಕ್ಕೆ ನಗುತ್ತಲೇ ಹೋಗುತ್ತಿದ್ದಳು.

“ತಾಯಿ, ಈ ಹಳೇ ಮೆಷಿನ್‌ಗಳು…” ರೇವಣಸಿದ್ದಯ್ಯ ಬಂದರು. ಅವನು ಅವರನ್ನು ಅಲ್ಲೇ ನಿಲ್ಲಿಸಿದ. ಕೆಮ್ಮಿದ. ಕಂಡಕ್ಟರ್ ಬಂದ, ಅವನನ್ನೂ ವಾಪಸ್ ಕಳಿಸಿದ. ಫಿಲ್ಮಿನಿಂದ ಒಂದು ಹನಿ ಬಿತ್ತು. ಇನ್ನೊಂದು ಬಿತ್ತು.

ಆಮೇಲೆ ಬಂದ ದನಿ ಸಣ್ಣಗಿತ್ತು. ಸ್ವಲ್ಪ ಒಡಕು. ಬಹಳ ದಿನ ಬಳಸದ ನಲ್ಲಿ ಮೊದಲು ಗಾಳಿ ಬಿಟ್ಟು ಆಮೇಲೆ ನೀರು ಬಿಡುವ ಹಾಗೆ.

“ಲಿವರಿಗೆ ಏನೂ ಆಗಿಲ್ಲ. ಆ ಸದ್ದು ನಾನ್ ಮಾಡಿದ್ದು. ಬಾಯಲ್ಲಿ.”

ಅವಳು ಫಿಲ್ಮು ಬಿಟ್ಟು ಅವನ ಕಡೆ ತಿರುಗಿದಳು.

“ತಮಾಷೆಗಲ್ಲ. ಅಂದ್ರೆ ತಮಾಷೆ ಅಂತ್ಲೇ ಅನ್ಕೊಂಡೆ. ಭಯ ಆಯ್ತು. ನನ್ ಮುಖದಲ್ಲಿ ಏನಿರುತ್ತೆ ಅಂತ ನಂಗೆ ಗೊತ್ತಿತ್ತು. ನೀವ್ ನೋಡ್ಬಿಟ್ರೆ ಭಾನುವಾರ ಟೇಪ್ ಹಿಡಿಯೋಕೆ ಕರಿಯಲ್ಲ ಅಂತ. ನೀವು ಹೋಗ್ತೀರ ಅಂತ ಗೊತ್ತಿರಲಿಲ್ಲ. ಗೊತ್ತಿದ್ರೆ…” ನಿಲ್ಲಿಸಿದ. “ಗೊತ್ತಿದ್ರೂ ಮಾಡ್ತಿದ್ನೇನೋ. ನಾನು ಅಷ್ಟೇ ಧೈರ್ಯಸ್ಥ.”

“ಏನಿತ್ತು ಮುಖದಲ್ಲಿ?”

“ಕೇಳ್ಬೇಡಿ.”

“ಕೇಳ್ತಾ ಇದೀನಿ.”

ಅವನು ನೆಲದ ಮೇಲಿದ್ದ ಟೇಪನ್ನು ನೋಡಿದ. “ಅವ್ವ ಹೋದ್ಮೇಲೆ ರೂಮಿಗೆ ಬಂದ್ರೆ ನಾನೇ ಅವಳ ದನೀಲಿ ಕೇಳ್ಕೊತೀನಿ, ಬಂದ್ಯೇನ್ಲಾ ಅಂತ. ಉತ್ತರ ಕೊಡೋಕೆ ಬರಲ್ಲ. ಇಷ್ಟ್ ಜನ ಇದಾರೆ ಇಲ್ಲಿ,” ಗಂಟಲು ಮುಟ್ಟಿಕೊಂಡ, “ನಾನ್ ಮಾತ್ರ ಇಲ್ಲ. ನೀವ್ ಮೊದಲ್ನೇ ದಿನ ಹಿಡ್ಕೊಂಡ್ರಲ್ಲ, ಇದು ನೀವು, ಅಂತ. ಅವತ್ತಿಂದ ಇದೀನಿ. ನೀವಿದ್ರೆ ಇರ್ತೀನಿ. ಅಷ್ಟೇ ಹೇಮಶ್ರೀ. ಮೇಡಂ. ಅದೇ ಇದ್ದಿದ್ದು ಮುಖದಲ್ಲಿ.”

ಕೆಳಗೆ ಹುಣಸೆಹಣ್ಣು ಕುಟ್ಟುವ ಸದ್ದು ನಿಂತಿತ್ತು. ತಿಪ್ಪಮ್ಮನವರಿಗೆ ಕಿವಿ ಚುರುಕು.

ಹೇಮಶ್ರೀ ಒಳಗೆ ಹೋದಳು. ವಾಪಸ್ ಬಂದಾಗ ಕೈಯಲ್ಲಿ ಕೆಮಿಸ್ಟ್ರಿ ಪುಸ್ತಕವಿತ್ತು. ಪುಸ್ತಕದೊಳಗೆ ಅಂಗೈಯಷ್ಟು ಅಗಲದ ಒಂದು ಫಿಲ್ಮಿನ ತುಂಡು. ಒಂದು ಅಂಚು ಹೊಸದಾಗಿ ಕತ್ತರಿಯಲ್ಲಿ ಕತ್ತರಿಸಿದ್ದು.

“ನೂರನೇ ಒಂದಕ್ಕೆ ಇಟ್ರೆ ಟಿಕ್ ಅನ್ನುತ್ತೆ,” ಎಂದಳು. “ಅವತ್ತು ಬೆಳಕು ಕಮ್ಮಿ ಇತ್ತು. ನಾನು ಇಪ್ಪತ್ತೈದನೇ ಒಂದಕ್ಕೆ ಇಟ್ಟಿದ್ದೆ. ಅದು ಟ್ರಿರ್ಕ್ ಅಂತ ಎಳೆಯುತ್ತೆ. ನೀವು ವರ್ಕ್‌ಶಾಪಲ್ಲಿ ಕೇಳಿದ್ದನ್ನೇ ಬಾಯಿಪಾಠ ಮಾಡ್ಕೊಂಡು ಬಂದ್ರಿ. ಸಿಲಬಸ್ ಚೇಂಜ್ ಆಗಿತ್ತು.”

ಅವನ ನಾಲಿಗೆ ತಾನಾಗೇ ಅಂಗುಳಿಗೆ ಹೋಗಿ ವಾಪಸ್ ಬಂತು.

“ನಾನಿನ್ನೂ ಒತ್ತೇ ಇರಲಿಲ್ಲ. ‘ಬಂತು’ ಅಂದೆ. ಕ್ಯಾಮೆರಾ ಇಳಿಸ್ದೆ. ಬೆರಳು ಲಿವರ್ ಮೇಲೇ ಇತ್ತು. ಬಸ್ಸು ಹಾರ್ನ್ ಹೊಡೀತಲ್ಲ, ಆಗ ಒತ್ತಿದೆ.”

ತನ್ನ ಫೋನಿನಲ್ಲಿ ಆ ತುಂಡಿನ ಚಿತ್ರ ಹಿಡಿದು, ಕಪ್ಪು ಬಿಳುಪನ್ನು ತಿರುಗಿಸಿ ಇಟ್ಟಿದ್ದಳು. ತೋರಿಸಿದಳು.

ಚಿತ್ರ ಸೊಟ್ಟಗಿತ್ತು. ಕೆರೆ ಒಂದು ಕಡೆಗೆ ಚೆಲ್ಲುವ ಹಾಗೆ ವಾಲಿತ್ತು. ತಲೆಯ ಮೇಲಿನ ಕೂದಲು ಸ್ವಲ್ಪ ಕಟ್ ಆಗಿತ್ತು. ಆದರೆ ಆರಡಿಯ ಅಳತೆ ಸರಿಯಾಗಿತ್ತು. ನಡುವೆ ಒಬ್ಬ ಗಂಡಸು ಟೇಪಿನ ತುದಿಯನ್ನು ಎದೆಗೆ ಹಿಡಿದುಕೊಂಡೇ ನಿಂತಿದ್ದ, ಬಿಡುವುದನ್ನು ಮರೆತವನ ಹಾಗೆ. ಅವನು ಲೆನ್ಸನ್ನು ನೋಡುತ್ತಿರಲಿಲ್ಲ. ಲೆನ್ಸಿಗಿಂತ ಒಂದು ಗೇಣು ಮೇಲೆ ನೋಡುತ್ತಿದ್ದ, ಅಲ್ಲಿದ್ದವಳನ್ನು. ಆ ನೋಟದಲ್ಲಿ ಮುಚ್ಚಿಟ್ಟದ್ದು ಏನೂ ಇರಲಿಲ್ಲ.

“ಇದ್ಯಾರು?” ಎಂದ ಅಂಜನ್, ನಿಜಕ್ಕೂ ತಿಳಿಯದೆ.

“ರಜಾ ಹಾಕಿದ್ರಲ್ಲ, ಅವ್ರು.” ಅವಳ ದನಿ ಈಗ ನಡುಗಿತು. “ತೊಳ್ದಾಗಿಂದ ಇದನ್ನೇ ನೋಡ್ತಾ ಕೂತಿದೀನಿ. ಹಾಲು ಉಕ್ಕಿ ಚೆಲ್ಲೋಯ್ತು. ಆರ್ನೂರರಲ್ಲಿ ಒಬ್ರೂ ನನ್ ಕಡೆ ನೋಡಿರಲಿಲ್ಲ ಅಂಜನ್.”

“ಮತ್ತೆ ಇದನ್ನ ಕತ್ತರಿಸಿ ಬಚ್ಚಿಟ್ಟು, ನನ್ ಹತ್ರ ಇಷ್ಟೆಲ್ಲಾ…”

“ಮುಖ ಸಿಕ್ಕಿತ್ತು. ದನಿ ಬೇಕಿತ್ತು.” ಮೇಲ್ತುಟಿಯ ಮಡಿಕೆ ಬಿಚ್ಚಿಕೊಂಡಿತು. ಈ ಸಲ ಒಳಗೆ ಹೋಗಲಿಲ್ಲ. “ಅಂಕೋಲಾದಲ್ಲಿ ಲೇತ್ ಮೆಷಿನ್ ಇರುತ್ತಾ?”

“ಬೋಟ್ ರಿಪೇರಿ ಇರುತ್ತಲ್ಲ. ಶಾಫ್ಟು, ಫ್ಯಾನು. ಲೇತ್ ಎಲ್ಲಾ ಊರಲ್ಲೂ ತಿರುಗುತ್ತೆ ಮೇಡಂ.”

“ಇನ್ನೊಂದ್ ಸಲ ಮೇಡಂ ಅಂದ್ರೆ ಈ ತುಂಡು ಬಕೆಟ್‌ಗೆ.”

ಅವನು ಫೋಟೋ ನೋಡಿದ. ಆ ಸೊಟ್ಟ ಕೆರೆ, ಆ ಅರ್ಧ ತಲೆ, ಎದೆಗೆ ಹಿಡಿದ ಆ ಟೇಪು. ಹತ್ತು ವರ್ಷ ಊರನ್ನೆಲ್ಲ ಬೇಸ್ತು ಬೀಳಿಸಿದ ನಾಲಿಗೆ, ತಪ್ಪು ಶಟರ್ ಸ್ಪೀಡಿನಲ್ಲಿ ಸಿಕ್ಕಿಬಿದ್ದಿತ್ತು. ಮೊದಲು ಮೂಗಿನಲ್ಲಿ ಒಂದು ಗುಟುಕು ಗಾಳಿ ಬಂತು. ಆಮೇಲೆ ಭುಜ ಅಲುಗಿತು. ಆಮೇಲೆ ಅವನು ರಟ್ಟಿನ ಡಬ್ಬದ ಮೇಲೆ ಕುಸಿದು ಕೂತು ನಗತೊಡಗಿದ. ಡಬ್ಬದೊಳಗಿನ ಪಾತ್ರೆಗಳೂ ಸದ್ದು ಮಾಡಿದವು. ಅವಳೂ ನಕ್ಕಳು, ಆದರೆ ಅವನ ನಗೆ ಅವಳದನ್ನು ಮುಳುಗಿಸಿ, ಮೆಟ್ಟಿಲಿಳಿದು, ಅಂಗಳಕ್ಕೆ ಹೋಯಿತು. ಒಂದಿಷ್ಟು ಗೊಗ್ಗರು, ಒಂದಿಷ್ಟು ಕೀರಲು, ನಡುವೆ ಉಸಿರು ಸಿಗದೆ ಒಂದು ಬಿಕ್ಕಳಿಕೆ.

ಕೆಳಗಿನಿಂದ ತಿಪ್ಪಮ್ಮನವರು ಕೂಗಿದರು.

“ಯಾರವ್ವಾ ಅದು ನಗ್ತಿರೋದು? ಅವನ್ ದನಿಯೆಲ್ಲಾ ನಂಗೊತ್ತು. ಇದ್ ಹೊಸ ಮನುಷ್ಯ ಕಣೇ.”

ಹೇಮಶ್ರೀ ಕಿಟಕಿಯಿಂದ ಬಗ್ಗಿದಳು.

“ನಮ್ಮೋರೇ ಕಣಮ್ಮ.”

ಅದನ್ನು ಕೇಳಿ ಅಂಜನ್ ಇನ್ನೂ ಜೋರಾಗಿ ನಕ್ಕ.